ಮಗುವಿನ ಗೊರಕೆ ಮತ್ತು ಮೂಗಿನ ಹಿಂದಿನ ಮೂರು ಮಿಲಿಮೀಟರ್

ಕಳೆದ ತಿಂಗಳು ದಾವಣಗೆರೆಯ ಅಕ್ಕನ ಮನೆಯಲ್ಲಿ ಎರಡು ರಾತ್ರಿ ಉಳಿದಿದ್ದೆ. ಅಕ್ಕನ ಮಗನಿಗೆ ಐದು ವರ್ಷ. ಅವನ ಪಕ್ಕದಲ್ಲೇ ನನಗೂ ಹಾಸಿಗೆ ಹಾಕಿದ್ದರು. ಮಧ್ಯರಾತ್ರಿ ಎಚ್ಚರವಾದಾಗ ದೊಡ್ಡವರು ಹೊಡೆಯುವಂಥ ಗೊರಕೆ ಕೇಳಿಸಿತು. ಯಾರದು ಅಂತ ನೋಡಿದರೆ ಅದು ಆ ಹುಡುಗನದೇ. ಬಾಯಿ ಪೂರ್ತಿ ತೆರೆದಿತ್ತು. ಕತ್ತು ಹಿಂದಕ್ಕೆ ಬಾಗಿತ್ತು. ದಿಂಬಿನ ಮೇಲೆಲ್ಲ ಜೊಲ್ಲು. ಗೊರಕೆ ಏರುತ್ತಾ ಏರುತ್ತಾ ಹೋಗಿ ತಟ್ಟನೆ ನಿಂತಿತು. ನಾನು ಸುಮ್ನೆ ಎಣಿಸಿದೆ. ಒಂದು, ಎರಡು, ಮೂರು... ಹೊಟ್ಟೆ ಮೇಲಕ್ಕೆ ಏಳುತ್ತಿತ್ತು, ಎದೆ ಮಾತ್ರ ಒಳಕ್ಕೆ ಹೋಗುತ್ತಿತ್ತು. ಏಳು ಅನ್ನುವಷ್ಟರಲ್ಲಿ ಮೈ ಕೊಡವಿ, ಗೊರ್ ಅಂತ ದೊಡ್ಡದಾಗಿ ಉಸಿರು ಎಳೆದುಕೊಂಡು ಮಗ್ಗುಲು ಬದಲಿಸಿದ.

ಬೆಳಿಗ್ಗೆ ಈ ವಿಷಯ ಹೇಳಿದಾಗ ಅಕ್ಕನ ಅತ್ತೆ, "ಹಗಲೆಲ್ಲ ಕುಣೀತಾನಲ್ಲಪ್ಪ, ಸುಸ್ತಾಗಿರ್ತೈತಿ. ಗೊರಕಿ ಹೊಡದ್ರ ಚಲೋ ನಿದ್ದಿ ಬಂದೈತಿ ಅಂತ" ಅಂದರು. ತುಂಬಾ ಪ್ರೀತಿಯಿಂದಲೇ ಹೇಳಿದ ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಹೀಗೇ ಅಂದುಕೊಂಡಿದ್ದಾರೆ. ಆದರೆ ಗೊರಕೆ ಅನ್ನೋದು ಇಕ್ಕಟ್ಟಾದ ಜಾಗದಲ್ಲಿ ಗಾಳಿ ನುಗ್ಗುವಾಗ ಸುತ್ತಲಿನ ಮೆತ್ತನೆಯ ಭಾಗಗಳು ಅದುರುವ ಸದ್ದು. ನೆಗಡಿ ಬಂದಾಗ ನಾಲ್ಕು ದಿನ ಹೊಡೆದರೆ ಪರವಾಗಿಲ್ಲ. ಮಗು ಪ್ರತಿ ರಾತ್ರಿ ಗೊರಕೆ ಹೊಡೆಯುತ್ತಿದ್ದರೆ ಗಾಳಿ ಎಲ್ಲೋ ತಡೆಯುತ್ತಿದೆ ಅಂತಲೇ ಲೆಕ್ಕ. ಚಿಕ್ಕ ಮಕ್ಕಳಲ್ಲಿ ಆ 'ಎಲ್ಲೋ' ಬಹಳಷ್ಟು ಸಲ ಮೂಗಿನ ಹಿಂದೆ ಅಡಿನಾಯ್ಡ್ ಅನ್ನುವ ಅಂಗಾಂಶ ಇರುವ ಜಾಗ.

ಇ.ಎನ್.ಟಿ. ಡಾಕ್ಟರು "ಅಡಿನಾಯ್ಡ್ ದೊಡ್ಡದಾಗಿದೆ" ಅಂದ ಕೂಡಲೇ ಅಪ್ಪ-ಅಮ್ಮ ಕೇಳುವುದು ಎರಡೇ ಪ್ರಶ್ನೆ. ಎಷ್ಟು ದೊಡ್ಡದಾಗಿದೆ? ಆಪರೇಷನ್ ಬೇಕಾ? ಇವೆರಡರ ನಡುವೆ ಇನ್ನೊಂದು ಪ್ರಶ್ನೆ ಇದೆ. ಗಾಳಿಗೆ ಎಷ್ಟು ದಾರಿ ಉಳಿದಿದೆ, ರಾತ್ರಿ ಆ ದಾರಿ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗದೆ ಉಳಿದ ಎರಡಕ್ಕೆ ಸರಿಯಾದ ಉತ್ತರ ಸಿಗುವುದು ಕಷ್ಟ.

ಮೊದಲು ಜಾಗ ಎಲ್ಲಿ ಅಂತ ನೋಡೋಣ. ಬಾಯಿ ತೆರೆದರೆ ಹಿಂದೆ ಕಿರುನಾಲಿಗೆ ನೇತಾಡುವುದು ಕಾಣುತ್ತದೆ. ಅದರ ಎರಡೂ ಪಕ್ಕ ಕಾಣುವುದು ಟಾನ್ಸಿಲ್. ಅಡಿನಾಯ್ಡ್ ಹೀಗೆ ಕಾಣುವುದಿಲ್ಲ. ಅದು ಕಿರುನಾಲಿಗೆಯ ಮೇಲೆ, ಅಂಗುಳದ ಹಿಂದೆ, ಮೂಗು ಮುಗಿದು ಗಂಟಲು ಶುರುವಾಗುವ ಕಡೆ ಇರುವ ಒಂದು ಪುಟ್ಟ ಕೋಣೆಯ ಚಾವಣಿ ಮತ್ತು ಹಿಂಬದಿ ಗೋಡೆಗೆ ಅಂಟಿಕೊಂಡಿದೆ. ಟಾನ್ಸಿಲ್ ಜಾತಿಯದೇ ಅಂಗಾಂಶ. ಉಸಿರಿನ ಜೊತೆ ಬರುವ ರೋಗಾಣುಗಳನ್ನು ದೇಹಕ್ಕೆ ಪರಿಚಯ ಮಾಡಿಸುವ ಕಾವಲು ಠಾಣೆ ಅನ್ನಬಹುದು. ಅಡಿನಾಯ್ಡ್, ಟಾನ್ಸಿಲ್, ನಾಲಿಗೆಯ ಬುಡದ ಗಂಟುಗಳು ಸೇರಿ ಗಂಟಲಿನ ಸುತ್ತ ಒಂದು ಬಳೆಯ ಹಾಗೆ ಇವೆ. 1884ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಅಂಗರಚನಾ ತಜ್ಞ ವಾಲ್ಡೆಯರ್ ಹೆಸರೇ ಆ ಬಳೆಗೆ ಉಳಿದಿದೆ.

ಈಗ ಗಾಳಿಯ ದಾರಿ. ಮೂಗಿನ ಹೊಳ್ಳೆಗಳಿಂದ ಒಳಗೆ ಬಂದ ಗಾಳಿ ಮುಂದಿನಿಂದ ಹಿಂದಕ್ಕೆ ಅಡ್ಡಡ್ಡ ಹೋಗುತ್ತದೆ. ಆ ಪುಟ್ಟ ಕೋಣೆ ತಲುಪಿದ ಮೇಲೆ ಹೆಚ್ಚುಕಡಿಮೆ 90 ಡಿಗ್ರಿ ತಿರುಗಿ ಕೆಳಗೆ ಇಳಿಯಬೇಕು. ಪ್ಲಂಬರ್‌ಗಳು ಎಲ್ಬೋ ಅನ್ನುತ್ತಾರಲ್ಲ, ಹಾಗೆ. ಅಡಿನಾಯ್ಡ್ ಕೂತಿರುವುದು ಸರಿಯಾಗಿ ಈ ಎಲ್ಬೋದಲ್ಲೇ. ಎಲ್ಬೋದಲ್ಲಿ ಕಸ ಕಟ್ಟಿದರೆ ಏನಾಗುತ್ತದೆ ಅಂತ ಮನೆ ನಡೆಸುವವರಿಗೆಲ್ಲ ಗೊತ್ತು.

ಐದು ವರ್ಷದ, ಸುಮಾರು 18 ಕಿಲೋ ತೂಗುವ ಮಗು ಒಂದು ಸಲಕ್ಕೆ ಎಳೆದುಕೊಳ್ಳುವುದು ಸುಮಾರು 125 ಮಿಲಿಲೀಟರ್ ಗಾಳಿ. ಒಂದು ಸಣ್ಣ ಟೀ ಲೋಟದಷ್ಟು. ನಿಮಿಷಕ್ಕೆ 20 ಉಸಿರು ಅಂದುಕೊಂಡರೂ ದಿನಕ್ಕೆ 3600 ಲೀಟರ್ ಆಯಿತು. ಮನೆ ಮೇಲಿನ 500 ಲೀಟರ್ ಟ್ಯಾಂಕ್ ಏಳು ಸಲ ತುಂಬಿ ಇನ್ನೂ ಮಿಗುವಷ್ಟು ಗಾಳಿ ಆ ಎಲ್ಬೋ ತಿರುಗಬೇಕು.

ಹುಟ್ಟಿದಾಗ ಅಡಿನಾಯ್ಡ್ ತೀರಾ ಚಿಕ್ಕದು. ಮೂರರಿಂದ ಆರೇಳು ವರ್ಷದವರೆಗೆ ಚೆನ್ನಾಗಿ ಬೆಳೆಯುತ್ತದೆ. ಆಮೇಲೆ ಕುಗ್ಗುತ್ತಾ ಹೋಗಿ, ಹದಿಹರೆಯ ಮುಗಿಯುವಷ್ಟರಲ್ಲಿ ಹೆಚ್ಚಿನವರಲ್ಲಿ ಇದ್ದೂ ಇಲ್ಲದಂತೆ ಆಗುತ್ತದೆ. ಇದೇ ಹೊತ್ತಿನಲ್ಲಿ ಮುಖದ ಮೂಳೆ ಬೆಳೆಯುವುದರಿಂದ ಕೋಣೆಯೂ ದೊಡ್ಡದಾಗುತ್ತಿರುತ್ತದೆ. ತೊಂದರೆ ಬರುವುದು ಕೋಣೆಗಿಂತ ಅಡಿನಾಯ್ಡ್ ಮುಂದೆ ಓಡಿದಾಗ. ಅಂಗನವಾಡಿ, ಎಲ್‌ಕೆಜಿ, ಯುಕೆಜಿ ವಯಸ್ಸು ಅದು. ಒಂದು ಮಗುವಿಗೆ ನೆಗಡಿ ಬಂದರೆ ಇಡೀ ಕ್ಲಾಸಿಗೆ ಬರುವ ವಯಸ್ಸೂ ಅದೇ. ಮತ್ತೆ ಮತ್ತೆ ಸೋಂಕು ತಗುಲಿ, ಕೆಲವರಲ್ಲಿ ಅಲರ್ಜಿಯೂ ಸೇರಿ, ಅಡಿನಾಯ್ಡ್ ಊದಿಕೊಂಡೇ ಇರುತ್ತದೆ.

ಇಲ್ಲಿ ಒಂದು ಚಿಕ್ಕ ಲೆಕ್ಕ ನೋಡಲೇಬೇಕು. ಎಕ್ಸ್‌ರೇ ಒಂದು ಹೇಳಿ ಮಗುವಿನ ಸ್ಥಿತಿ ಇನ್ನೊಂದು ಹೇಳುವುದು ಯಾಕೆ ಅನ್ನುವ ಗುಟ್ಟು ಇದರಲ್ಲೇ ಇದೆ. ಅಡಿನಾಯ್ಡ್ ಮತ್ತು ಅಂಗುಳದ ನಡುವೆ ಉಳಿಯುವ ಸಂದನ್ನು ಚಪ್ಪಟೆ ಸೀಳು ಅಂತ ಭಾವಿಸಿ. ಅದರಲ್ಲಿ ಗಾಳಿ ನಯವಾಗಿ ಹರಿಯುತ್ತಿದ್ದರೆ, ಸಂದು ಕಿರಿದಾದಂತೆ ತಡೆ ಏರುವುದು ಅದರ ಅಗಲದ ಘನಕ್ಕೆ ವಿಲೋಮವಾಗಿ. ಸಂದು ಅರ್ಧವಾದರೆ ತಡೆ ಎರಡು ಪಟ್ಟು ಆಗುವುದಿಲ್ಲ, ಎಂಟು ಪಟ್ಟು ಆಗುತ್ತದೆ. ಈಗ ಇಬ್ಬರು ಮಕ್ಕಳನ್ನು ತೆಗೆದುಕೊಳ್ಳಿ. ಒಬ್ಬನಿಗೆ 10 ಮಿಲಿಮೀಟರ್ ಸಂದು, ಇನ್ನೊಬ್ಬನಿಗೆ 3. ಇಬ್ಬರಿಗೂ ನೆಗಡಿ ಬಂತು. ಇಬ್ಬರಲ್ಲೂ ಊತ ಒಂದೇ ಒಂದು ಮಿಲಿಮೀಟರ್ ಹೆಚ್ಚಿತು. ಮೊದಲನೆಯವನಲ್ಲಿ ತಡೆ ಸುಮಾರು 1.4 ಪಟ್ಟು ಆಗುತ್ತದೆ. ಅವನಿಗೆ ಗೊತ್ತೂ ಆಗುವುದಿಲ್ಲ. ಎರಡನೆಯವನಲ್ಲಿ 3.4 ಪಟ್ಟು ಆಗುತ್ತದೆ. ಅವನ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ನಿಜವಾದ ಮೂಗಿನಲ್ಲಿ ಗಾಳಿ ಇಷ್ಟು ನಯವಾಗಿ ಹರಿಯುವುದಿಲ್ಲ. ಇಕ್ಕಟ್ಟಿನಲ್ಲಿ ವೇಗ ಹೆಚ್ಚುತ್ತದೆ, ದಾಟಿದ ಮೇಲೆ ಸುಳಿ ಏಳುತ್ತದೆ. ಗಿಡಕ್ಕೆ ನೀರು ಬಿಡುವ ಪೈಪಿನ ತುದಿಗೆ ಹೆಬ್ಬೆರಳು ಒತ್ತಿದರೆ ನೀರು ಚಿಮ್ಮುತ್ತದಲ್ಲ, ಹಾಗೆ. ಮಕ್ಕಳ ಸ್ಕ್ಯಾನ್ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಗಾಳಿಯ ಹರಿವನ್ನು ಲೆಕ್ಕ ಹಾಕಿದ ಸಂಶೋಧಕರು ಇದನ್ನೇ ಕಂಡಿದ್ದಾರೆ. ದಾರಿ ತೀರಾ ಕಿರಿದಾಗಿರುವ ಕಡೆ ವೇಗ ಏರುತ್ತದೆ, ಒತ್ತಡ ಕುಸಿಯುತ್ತದೆ. ಇನ್ನೊಂದು ಮಾತು. ಸಹಜವಾಗಿ ಮೂಗಿನ ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಇರುವುದು ಹೊಳ್ಳೆಯ ಹತ್ತಿರವೇ, ಮುಂಭಾಗದಲ್ಲಿ. ಹಿಂದಿನ ಸಂದು ಅಗಲವಾಗಿರುವವರೆಗೆ ಅಡಿನಾಯ್ಡ್ ಸ್ವಲ್ಪ ಬೆಳೆದರೂ ಒಟ್ಟು ತಡೆ ಹೆಚ್ಚೇನೂ ಬದಲಾಗುವುದಿಲ್ಲ. ಹಿಂದಿನ ಸಂದು ಮುಂದಿನದಕ್ಕಿಂತ ಕಿರಿದಾದ ಮೇಲೆ ಮಾತ್ರ ಪ್ರತಿ ಮಿಲಿಮೀಟರೂ ಭಾರ. "ಮೊನ್ನೆವರೆಗೂ ಚೆನ್ನಾಗಿದ್ದ ಮಗು, ಏಕಾಏಕಿ ಹೀಗಾಯ್ತು" ಅಂತ ತಾಯಂದಿರು ಹೇಳುವುದು ಉತ್ಪ್ರೇಕ್ಷೆ ಅಲ್ಲ.

ಇಷ್ಟಾದರೂ ಗಂಟಲು ಪಿವಿಸಿ ಪೈಪ್ ಆಗಿದ್ದರೆ ಬಚಾವಾಗಬಹುದಿತ್ತು. ಅದು ಮೆತ್ತಗಿನ ಕೊಳವೆ. ಎಳನೀರಿಗೆ ಕೊಡುವ ಪೇಪರ್ ಸ್ಟ್ರಾ ನೆನೆದ ಮೇಲೆ ಜೋರಾಗಿ ಎಳೆದು ನೋಡಿ. ನೀರು ಬರುವ ಬದಲು ಸ್ಟ್ರಾ ಚಪ್ಪಟೆಯಾಗುತ್ತದೆ. ಎಳೆದಷ್ಟೂ ಮುಚ್ಚುತ್ತದೆ. ಮಗುವಿನ ಗಂಟಲಿನಲ್ಲೂ ಹೀಗೇ. ಮೇಲೆ ಅಡಿನಾಯ್ಡ್ ತಡೆದಿದೆ. ಗಾಳಿ ಸಾಲದು ಅಂತ ಮಗು ಜೋರಾಗಿ ಎಳೆಯುತ್ತದೆ. ಕೆಳಗೆ ಒತ್ತಡ ಕಡಿಮೆಯಾಗಿ ಗಂಟಲಿನ ಗೋಡೆ, ಅಂಗುಳದ ಮೆತ್ತನೆಯ ಭಾಗ, ನಾಲಿಗೆಯ ಬುಡ ಎಲ್ಲ ಒಳಕ್ಕೆ ಸೆಳೆಯಲ್ಪಡುತ್ತವೆ. ಹಗಲು ಎಚ್ಚರವಾಗಿದ್ದಾಗ ಗಂಟಲಿನ ಸ್ನಾಯುಗಳು ಬಿಗಿ ಹಿಡಿದು ದಾರಿ ತೆರೆದಿಡುತ್ತವೆ. ನಿದ್ದೆಯಲ್ಲಿ ಆ ಬಿಗಿ ಸಡಿಲವಾಗುತ್ತದೆ. ಟಾನ್ಸಿಲ್ ಕೂಡ ದೊಡ್ಡದಾಗಿದ್ದರೆ ಕೆಳಗೆ ಇನ್ನೊಂದು ಇಕ್ಕಟ್ಟು. ಹೀಗೆ ದಾರಿ ಪೂರ್ತಿ ಮುಚ್ಚಿಕೊಳ್ಳುವ ಕ್ಷಣವೇ ಆ ರಾತ್ರಿ ನಾನು ಏಳರವರೆಗೆ ಎಣಿಸಿದ್ದು. ದೇಹ ಗಾಬರಿಯಾಗಿ ಅರ್ಧ ಎಚ್ಚರವಾಗುತ್ತದೆ, ಸ್ನಾಯು ಬಿಗಿಯಾಗುತ್ತದೆ, ದಾರಿ ತೆರೆಯುತ್ತದೆ. ಬೆಳಿಗ್ಗೆ ಮಗುವಿಗೆ ಇದ್ಯಾವುದೂ ನೆನಪಿರುವುದಿಲ್ಲ.

ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ದೊಡ್ಡವರಲ್ಲಿ ಗಂಟೆಗೆ ಐದು ಸಲ ಹೀಗಾದರೆ ರೋಗ ಅಂತ ಲೆಕ್ಕ. ಮಕ್ಕಳಲ್ಲಿ ಒಂದು ಸಲವನ್ನೂ ಸಹಜ ಅನ್ನುವುದಿಲ್ಲ. ನಿದ್ದೆ ಕೆಟ್ಟ ದೊಡ್ಡವರು ಹಗಲು ತೂಕಡಿಸುತ್ತಾರೆ. ಮಕ್ಕಳು ಬಹಳಷ್ಟು ಸಲ ಇದರ ಉಲ್ಟಾ. ಕೂತಲ್ಲಿ ಕೂರುವುದಿಲ್ಲ, ಸಿಟ್ಟು, ಹಟ, ಓದಿನಲ್ಲಿ ಗಮನ ಇಲ್ಲ. ನಿದ್ದೆಯಲ್ಲಿ ಉಚ್ಚೆ ಹೊಯ್ಯುವುದು, ತಲೆ ಪೂರ್ತಿ ಬೆವರುವುದು, ತೂಕ ಏರದಿರುವುದು ಇವೂ ಇರಬಹುದು. ತುಂಬಾ ಜೋರಾಗಿದ್ದು ವರ್ಷಗಟ್ಟಲೆ ಬಿಟ್ಟರೆ ಹೃದಯದ ಬಲಭಾಗಕ್ಕೂ ಏಟು ಬೀಳುತ್ತದೆ. ನಮ್ಮ ಹುಡುಗನ ಶಾಲೆಯಿಂದ "ಹೇಳಿದ್ದು ಕೇಳಿಸಿಕೊಳ್ಳೋದೇ ಇಲ್ಲ" ಅಂತ ಎರಡು ಸಲ ಡೈರಿಯಲ್ಲಿ ಬರೆದು ಕಳಿಸಿದ್ದರು. ಅಕ್ಕ ಅವನಿಗೆ ಬೈದಿದ್ದಳು. ಈಗ ಅದನ್ನು ನೆನೆಸಿಕೊಂಡು ಕಣ್ಣಲ್ಲಿ ನೀರು ತರಿಸಿಕೊಳ್ಳುತ್ತಾಳೆ.

ಕೇಳಿಸಿಕೊಳ್ಳುವುದಿಲ್ಲ ಅನ್ನುವುದು ನಿಜವಾಗಿಯೂ ಕಿವಿಯ ಮಾತೇ ಆಗಿರಬಹುದು. ನಡುಕಿವಿಗೆ ಗಾಳಿ ಕೊಡುವ ಕೊಳವೆಯ ಬಾಯಿ ಅದೇ ಪುಟ್ಟ ಕೋಣೆಯ ಪಕ್ಕದ ಗೋಡೆಯಲ್ಲಿದೆ. ಅಡಿನಾಯ್ಡ್ ಅದನ್ನು ಒತ್ತಿದರೆ ಅಥವಾ ಅಲ್ಲಿಂದ ಸೋಂಕು ಹಬ್ಬಿದರೆ ನಡುಕಿವಿಯಲ್ಲಿ ಗೋಂದಿನಂಥ ನೀರು ನಿಲ್ಲುತ್ತದೆ. ನೋವಿಲ್ಲ, ಸೋರುವುದಿಲ್ಲ, ಕೇಳಿಸುವುದು ಮಾತ್ರ ಕಡಿಮೆ. ಮಗು ಟಿವಿ ಸೌಂಡ್ ಜಾಸ್ತಿ ಮಾಡುತ್ತದೆ, ನಾವು ರಿಮೋಟ್ ಕಿತ್ತುಕೊಳ್ಳುತ್ತೇವೆ.

ಗಾಳಿಯ ದಾರಿ ಹೇಗಿದೆ ಅಂತ ಹಗಲಿನಲ್ಲಿ ಅಂದಾಜು ಮಾಡಲು ನಮ್ಮ ಕನ್ನಡವೇ ಒಂದು ಸಾಧನ ಕೊಟ್ಟಿದೆ. ವರ್ಣಮಾಲೆಯ ಸಾಲು ನೆನಪು ಮಾಡಿಕೊಳ್ಳಿ. ಪ ಫ ಬ ಭ ಮ. ತ ಥ ದ ಧ ನ. ಬ ಮತ್ತು ಮ ಒಂದೇ ಸಾಲಿನಲ್ಲಿ ಇರುವುದು ಸುಮ್ನೆ ಅಲ್ಲ. ಎರಡಕ್ಕೂ ತುಟಿ ಮುಚ್ಚುವುದು ಒಂದೇ ಥರ. ಮ ಅನ್ನುವಾಗ ಮೂಗಿನ ಕಡೆಯ ಬಾಗಿಲು ತೆರೆದು ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ, ಬ ಅನ್ನುವಾಗ ಇಲ್ಲ. ಅಷ್ಟೇ ವ್ಯತ್ಯಾಸ. ಹಿಂದೆ ಅಡಿನಾಯ್ಡ್ ತುಂಬಿಕೊಂಡಿದ್ದರೆ ಬಾಗಿಲು ತೆರೆದೂ ಪ್ರಯೋಜನವಿಲ್ಲ. ಆಗ ಮ ಬ ಆಗುತ್ತದೆ, ನ ದ ಆಗುತ್ತದೆ. "ನಮ್ಮ ಮನೆ" ಅಂತ ಹೇಳು ಅಂದರೆ "ದಬ್ಬ ಬದೆ" ಅನ್ನುವ ಹಾಗೆ ಕೇಳಿಸುತ್ತದೆ. ನೆಗಡಿ ಆದಾಗ ನಾವೆಲ್ಲ ಹೀಗೇ ಮಾತಾಡುತ್ತೇವೆ, ಅಲ್ವಾ? ನೆಗಡಿ ಇಲ್ಲದೆ ತಿಂಗಳುಗಟ್ಟಲೆ ಹೀಗೇ ಇದ್ದರೆ ಗಮನ ಕೊಡಬೇಕು. 1868ರಲ್ಲಿ ಕೋಪನ್‌ಹೇಗನ್‌ನ ವೈದ್ಯ ವಿಲ್‌ಹೆಲ್ಮ್ ಮೇಯರ್ ಈ ಕಾಯಿಲೆಯನ್ನು ಮೊದಲ ಸಲ ಸರಿಯಾಗಿ ಗುರುತಿಸಿ ಬರೆದಾಗ, ಬಾಯಿಯ ಉಸಿರು ಮತ್ತು ಮಂದ ಕಿವಿಯ ಜೊತೆಗೆ ಅನುನಾಸಿಕಗಳು ಹೀಗೆ ಸತ್ತುಹೋಗುವುದನ್ನೂ ಹೇಳಿದ್ದರು.

ಇನ್ನೊಂದು, ಸ್ಟೀಲ್ ಚಮಚ. ತಣ್ಣಗಿನ ಚಮಚವನ್ನು ಮಗುವಿನ ಮೂಗಿನ ಕೆಳಗೆ ಹಿಡಿದು, ಬಾಯಿ ಮುಚ್ಚಿ ಉಸಿರು ಬಿಡು ಅನ್ನಿ. ಎರಡು ಹೊಳ್ಳೆಗೂ ಮಂಜಿನ ಕಲೆ ಮೂಡಬೇಕು. ಅಕ್ಕನ ಮಗನಿಗೆ ಇದು ಆಟದ ಹಾಗೆ ಖುಷಿ ಕೊಟ್ಟಿತು. ಎರಡು ಸಲ ಸಣ್ಣ ಕಲೆ ಮೂಡಿತು, ಮೂರನೇ ಸಲಕ್ಕೆ ಬಾಯಿ ತೆರೆದೇಬಿಟ್ಟ. ಇದರಿಂದ ರೋಗ ತೀರ್ಮಾನ ಆಗುವುದಿಲ್ಲ. ಮೂಗಿನಿಂದ ಗಾಳಿ ಬರುತ್ತಿದೆಯಾ ಅನ್ನುವುದು ಮಾತ್ರ ಕಣ್ಣಿಗೆ ಕಾಣುತ್ತದೆ.

ಮೂಗು ಕಟ್ಟಿದರೆ ಬಾಯಿ ಇದೆಯಲ್ಲ ಅಂತ ಕೇಳಬಹುದು. ಇದೆ, ಜೀವ ಉಳಿಸುತ್ತದೆ. ಆದರೆ ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ, ಧೂಳು ಸೋಸಿ ಕಳಿಸುತ್ತದೆ. ಬಾಯಿ ಇದನ್ನು ಅಷ್ಟಾಗಿ ಮಾಡುವುದಿಲ್ಲ. ಮಲಗಿದಾಗ ಬಾಯಿ ತೆರೆದರೆ ದವಡೆ ಕೆಳಗೆ ಮತ್ತು ಹಿಂದಕ್ಕೆ ಸರಿಯುತ್ತದೆ. ಅದರ ಜೊತೆ ನಾಲಿಗೆಯೂ ಹಿಂದಕ್ಕೆ. ಅಂದರೆ ಮೇಲಿನ ತಡೆ ತಪ್ಪಿಸಲು ಹಿಡಿದ ಅಡ್ಡದಾರಿ ತಾನೇ ಇಕ್ಕಟ್ಟು. ಬೆಳೆಯುವ ಮುಖಕ್ಕೂ ಇದರ ಗುರುತು ಬೀಳುತ್ತದೆ. ಉದ್ದ ಮುಖ, ಎತ್ತರದ ಕಿರಿದಾದ ಅಂಗುಳ, ಮುಂದೆ ಬಂದ ಹಲ್ಲು. ಹಾರ್ವೋಲ್ಡ್ ಅನ್ನುವ ಸಂಶೋಧಕರು ಮರಿಕೋತಿಗಳ ಮೂಗು ಮುಚ್ಚಿ ನೋಡಿದಾಗ ಅವುಗಳ ದವಡೆ ಬೆಳೆಯುವ ರೀತಿಯೇ ಬದಲಾಯಿತು. ಮಕ್ಕಳಲ್ಲಿ ಎಲ್ಲ ಉದ್ದ ಮುಖಕ್ಕೂ ಅಡಿನಾಯ್ಡ್ ಕಾರಣ ಅನ್ನಲು ಬರುವುದಿಲ್ಲ, ವಂಶದಿಂದಲೂ ಬರುತ್ತದೆ.

ಇತ್ತೀಚೆಗೆ ರೀಲ್ಸ್‌ನಲ್ಲಿ ರಾತ್ರಿ ಬಾಯಿಗೆ ಟೇಪ್ ಹಚ್ಚಿ ಮಲಗುವುದನ್ನು ತೋರಿಸುತ್ತಿದ್ದಾರೆ. ಮೂಗಿನಲ್ಲೇ ಉಸಿರಾಡುವ ಅಭ್ಯಾಸ ಆಗುತ್ತದಂತೆ. ದಯವಿಟ್ಟು ಮಕ್ಕಳಿಗೆ ಇದನ್ನು ಮಾಡಬೇಡಿ. ಅಡಿನಾಯ್ಡ್ ತುಂಬಿದ ಮಗು ಬಾಯಿ ತೆರೆಯುವುದು ಕೆಟ್ಟ ಅಭ್ಯಾಸದಿಂದ ಅಲ್ಲ. ಬೇರೆ ದಾರಿ ಇಲ್ಲದ್ದಕ್ಕೆ ತೆರೆಯುತ್ತದೆ. ಉಳಿದ ಒಂದು ದಾರಿಯನ್ನೂ ನಾವೇ ಮುಚ್ಚುವುದು ಅಪಾಯ.

ಮತ್ತೆ ಎಕ್ಸ್‌ರೇ ವಿಷಯಕ್ಕೆ ಬರೋಣ. ಕತ್ತಿನ ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಅಡಿನಾಯ್ಡ್‌ನ ದಪ್ಪ ಮತ್ತು ಕೋಣೆಯ ಅಳತೆಯನ್ನು ಭಾಗಿಸಿ ನೋಡುವ ಪದ್ಧತಿಯನ್ನು 1979ರಲ್ಲಿ ಫುಜಿಯೋಕಾ ಮತ್ತು ಜೊತೆಗಾರರು ಕೊಟ್ಟರು. ಅನುಪಾತ 0.8 ದಾಟಿದರೆ ದೊಡ್ಡದು ಅಂತ ಅವರ ಲೆಕ್ಕ. ಕೈಗೆಟಕುವ ಪರೀಕ್ಷೆ, ನಮ್ಮ ತಾಲ್ಲೂಕು ಊರುಗಳಲ್ಲೂ ಆಗುತ್ತದೆ. ಆದರೆ ಅದು ಒಂದು ನೆರಳು. ಎಚ್ಚರವಾಗಿರುವಾಗ ತೆಗೆದದ್ದು. ಅಡಿನಾಯ್ಡ್‌ನ ಎಡಬಲಕ್ಕೆ ಎಷ್ಟು ಜಾಗ ಇದೆ ಅಂತ ಅದರಲ್ಲಿ ಕಾಣುವುದಿಲ್ಲ. ಮಗು ಅಳುತ್ತಿದ್ದರೆ ಅಥವಾ ಆ ಗಳಿಗೆಯಲ್ಲಿ ಉಗುಳು ನುಂಗಿದರೆ ಅಂಗುಳ ಮೇಲೇರಿ ಸಂದು ಇನ್ನೂ ಕಿರಿದಾಗಿ ಕಾಣುತ್ತದೆ. ಮೂಗಿನಿಂದ ಸಣ್ಣ ಎಂಡೋಸ್ಕೋಪ್ ಹಾಕಿ ನೋಡಿದರೆ ನಿಜವಾದ ಸಂದು ಕಣ್ಣಿಗೆ ಕಾಣುತ್ತದೆ. ರಾತ್ರಿ ಏನಾಗುತ್ತದೆ ಅನ್ನುವುದಕ್ಕೆ ಪಕ್ಕಾ ಉತ್ತರ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟವನ್ನು ಅಳೆಯುವ ಪರೀಕ್ಷೆ. ಅದು ಎಲ್ಲ ಊರಲ್ಲೂ ಸಿಗುವುದಿಲ್ಲ, ದುಡ್ಡೂ ಜಾಸ್ತಿ. ಆದರೆ ಎಲ್ಲರ ಕೈಯಲ್ಲೂ ಫೋನ್ ಇದೆ. ಎದೆ, ಹೊಟ್ಟೆ, ಮುಖ ಮೂರೂ ಕಾಣುವ ಹಾಗೆ, ಸದ್ದು ಕೇಳಿಸುವ ಹಾಗೆ ಎರಡು ಮೂರು ನಿಮಿಷದ ವಿಡಿಯೋ ತೆಗೆದು ಡಾಕ್ಟರಿಗೆ ತೋರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಅಕ್ಕ ಮೊದಲು ತೋರಿಸಿದ ಕಡೆ ಎಕ್ಸ್‌ರೇ ಬೆಳಕಿಗೆ ಹಿಡಿದು ಎರಡೇ ನಿಮಿಷಕ್ಕೆ ಆಪರೇಷನ್ ತಾರೀಕು ಹೇಳಿದರಂತೆ. ರಾತ್ರಿ ಹೇಗೆ ಮಲಗುತ್ತಾನೆ, ಕಿವಿ ಕೇಳಿಸುತ್ತದಾ, ಸೀನು ಬರುತ್ತದಾ ಅಂತ ಒಂದು ಮಾತೂ ಕೇಳಲಿಲ್ಲ. ಆ ತೀರ್ಮಾನ ಕೊನೆಗೆ ಸರಿಯೇ ಆಗಬಹುದು. ನನ್ನ ತಕರಾರು ಇರುವುದು ಕೇಳದೆ ಬಿಟ್ಟ ಪ್ರಶ್ನೆಗಳ ಬಗ್ಗೆ.

ಯಾಕೆಂದರೆ ಕಾಯುವುದಕ್ಕೂ ಆಧಾರ ಇದೆ, ಆಪರೇಷನ್‌ಗೂ ಇದೆ. ಅಮೆರಿಕದಲ್ಲಿ 5ರಿಂದ 9 ವರ್ಷದ, ಸ್ಲೀಪ್ ಆಪ್ನಿಯಾ ಇದ್ದ 464 ಮಕ್ಕಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಕ್ಕಳಿಗೆ ಬೇಗ ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆದರು, ಉಳಿದವರನ್ನು ಕಾದು ನೋಡಿದರು. ಏಳು ತಿಂಗಳ ನಂತರ ಆಪರೇಷನ್ ಆದವರಲ್ಲಿ ಶೇ. 79 ಮಕ್ಕಳ ನಿದ್ದೆಯ ಉಸಿರಾಟ ಸರಿಹೋಗಿತ್ತು. ಕಾದವರಲ್ಲೂ ಶೇ. 46 ಮಕ್ಕಳಲ್ಲಿ ತಾನಾಗಿಯೇ ಸರಿಹೋಗಿತ್ತು. ಗಮನದ ಪರೀಕ್ಷೆಯಲ್ಲಿ ಎರಡೂ ಗುಂಪಿಗೆ ದೊಡ್ಡ ವ್ಯತ್ಯಾಸ ಇರಲಿಲ್ಲ. ಆದರೆ ನಡವಳಿಕೆ ಮತ್ತು ದಿನದ ಬದುಕಿನಲ್ಲಿ ಆಪರೇಷನ್ ಆದವರು ಹೆಚ್ಚು ಚೇತರಿಸಿಕೊಂಡಿದ್ದರು. ಇನ್ನೊಂದು ಕಡೆ, ಡೆನ್ಮಾರ್ಕಿನ ಸುಮಾರು 12 ಲಕ್ಷ ಮಕ್ಕಳ ದಾಖಲೆ ನೋಡಿದ 2018ರ ಅಧ್ಯಯನದಲ್ಲಿ, ಚಿಕ್ಕಂದಿನಲ್ಲೇ ಇವನ್ನು ತೆಗೆಸಿಕೊಂಡವರಲ್ಲಿ ಮುಂದೆ ಉಸಿರಾಟದ ಕೆಲವು ಕಾಯಿಲೆಗಳು ಹೆಚ್ಚು ಕಂಡವು. ದಾಖಲೆ ನೋಡಿ ಮಾಡಿದ ಅಧ್ಯಯನ ಅದು, ತೆಗೆದದ್ದೇ ಕಾರಣ ಅಂತ ಸಾಬೀತಾಗುವುದಿಲ್ಲ. ಆದರೂ ಸುಮ್ನೆ ತೆಗೆಯುವ ವಸ್ತು ಅಲ್ಲ ಅಂತ ನೆನಪಿಸುತ್ತದೆ.

ಹಾಗಾಗಿ ಉಸಿರು ನಿಲ್ಲುತ್ತಿದ್ದರೆ, ಎದೆ ಒಳಕ್ಕೆ ಎಳೆಯುತ್ತಿದ್ದರೆ, ಕಿವಿಯಲ್ಲಿ ನೀರು ನಿಂತು ಹೋಗದಿದ್ದರೆ, ಬೆಳವಣಿಗೆ ಕುಂಠಿತವಾಗಿದ್ದರೆ ಎಳೆದಾಡುತ್ತಾ ಕೂರಬಾರದು. ಆಪರೇಷನ್ ಬಾಯಿಯ ಮೂಲಕವೇ ಆಗುತ್ತದೆ, ಹೊರಗೆ ಗಾಯ ಇರುವುದಿಲ್ಲ. ಅದಕ್ಕೆ ಮುಂಚೆ ಡಾಕ್ಟರು ಕಿರುನಾಲಿಗೆ ಸೀಳಿದೆಯಾ, ಅಂಗುಳದಲ್ಲಿ ಒಳಸೀಳು ಇದೆಯಾ ಅಂತ ನೋಡುತ್ತಾರೆ. ಅಂಥ ಮಗುವಿನಲ್ಲಿ ಅಡಿನಾಯ್ಡ್ ತೆಗೆದರೆ ಮೂಗಿನ ಕಡೆಯ ಬಾಗಿಲು ಮುಚ್ಚದೇ ಹೋಗಬಹುದು. ಆಗ ಉಲ್ಟಾ ತೊಂದರೆ, ಬ ಅಂದರೆ ಮ ಕೇಳಿಸುತ್ತದೆ, ಕುಡಿದ ನೀರು ಮೂಗಿನಿಂದ ಬರುತ್ತದೆ.

ಅಷ್ಟು ಜೋರಿಲ್ಲದಿದ್ದರೆ ಮೊಮೆಟಸೋನ್ ಅಥವಾ ಫ್ಲುಟಿಕಸೋನ್ ಥರದ ಸ್ಟೀರಾಯ್ಡ್ ಸ್ಪ್ರೇ ಕೆಲವು ವಾರ ಕೊಟ್ಟು ನೋಡುತ್ತಾರೆ. ಸ್ಟೀರಾಯ್ಡ್ ಅಂದ ಕೂಡಲೇ ಹೆದರಬೇಕಿಲ್ಲ, ಮೂಗಿನಲ್ಲಿ ಕೊಡುವ ಪ್ರಮಾಣ ಕಡಿಮೆ. ಹಿಂದಿನ ಲೆಕ್ಕ ನೆನಪಿದೆಯಲ್ಲ? ಮೂರು ಮಿಲಿಮೀಟರ್ ಸಂದಿನಲ್ಲಿ ಊತ ಒಂದೇ ಮಿಲಿಮೀಟರ್ ಕುಗ್ಗಿದರೂ ತಡೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ನೇರವಾಗಿ ಸಿಗುವ ಮೂಗು ಬಿಡಿಸುವ ಡ್ರಾಪ್ಸ್ ಮಾತ್ರ ಬೇರೆ. ಅದು ಅಡಿನಾಯ್ಡ್ ಕುಗ್ಗಿಸುವುದಿಲ್ಲ, ದಿನಗಟ್ಟಲೆ ಹಾಕಿದರೆ ಮೂಗು ಇನ್ನೂ ಕಟ್ಟುತ್ತದೆ. ಮಾಂಟೆಲುಕಾಸ್ಟ್ ಮಾತ್ರೆ ಬರೆದಿದ್ದರೆ ಮಗುವಿನ ಮನಸ್ಸು, ನಿದ್ದೆ, ಕನಸಿನ ಮೇಲೆ ಕಣ್ಣಿಡಿ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ಗಟ್ಟಿ ಎಚ್ಚರಿಕೆ ಕೊಟ್ಟಿದೆ. ಇನ್ನು ಮುಚ್ಚಿದ ಕೋಣೆಯಲ್ಲಿ ರಾತ್ರಿಯೆಲ್ಲ ಉರಿಯುವ ಸೊಳ್ಳೆ ಬತ್ತಿ. ಅಕ್ಕನ ಮನೆಯಲ್ಲಿ ಅದು ಮಂಚದ ಕೆಳಗೇ ಇತ್ತು. ಅವತ್ತೇ ತೆಗೆಸಿ ಸೊಳ್ಳೆ ಪರದೆ ಕಟ್ಟಿದೆವು.

ಎರಡನೇ ಡಾಕ್ಟರು ಎಂಡೋಸ್ಕೋಪ್ ಹಾಕಿ ನೋಡಿ, ಕಿವಿ ಪರೀಕ್ಷೆ ಮಾಡಿಸಿ, ಆರು ವಾರ ಸ್ಪ್ರೇ ಕೊಟ್ಟಿದ್ದಾರೆ. ನಡುವೆ ಉಸಿರು ನಿಲ್ಲುವುದು ಹೆಚ್ಚಾದರೆ ಕಾಯದೆ ಬನ್ನಿ ಅಂದಿದ್ದಾರೆ. ಅಕ್ಕ ಪ್ರತಿ ಭಾನುವಾರ ರಾತ್ರಿ ನನಗೆ ವಿಡಿಯೋ ಕಳಿಸುತ್ತಾಳೆ. ಮೊದಲ ವಾರದ್ದರಲ್ಲಿ ಮೂರು ನಿಮಿಷಕ್ಕೆ ಎರಡು ಸಲ ನಿಂತಿತ್ತು. ಮೊನ್ನೆಯದರಲ್ಲಿ ನಿಲ್ಲಲಿಲ್ಲ. ಆದರೆ ಬಾಯಿ ಇನ್ನೂ ತೆರೆದೇ ಇದೆ, ಗೊರಕೆಯೂ ಇದೆ. ಕಿವಿಯ ನೀರು ಹೋಗಿದೆಯಾ ಅಂತ ಮತ್ತೆ ನೋಡಬೇಕು. ಮುಂದಿನ ವಾರ ತೋರಿಸಲು ಹೋಗುವಾಗ ಎಕ್ಸ್‌ರೇ ಕವರಿನ ಜೊತೆ ಈ ವಿಡಿಯೋಗಳನ್ನೂ ತೆಗೆದುಕೊಂಡು ಹೋಗುತ್ತಾಳೆ.